ಮುದ್ರೆಯ ಹೊಣೆ: ಮೈಸೂರು ರೇಷ್ಮೆ, ಊದುಬತ್ತಿ ಮತ್ತು ತಂತ್ರಾಂಶ

ತಯಾರಿಸಿದವರ ಮುಖ ಕಾಣದ ಗ್ರಾಹಕನು ಸರಕನ್ನು ಯಾರ ಭರವಸೆಯ ಮೇಲೆ ಕೊಳ್ಳಬೇಕು ಎಂಬ ಪ್ರಶ್ನೆಗೆ ಮೈಸೂರಿನ ಕೈಗಾರಿಕಾ ಇತಿಹಾಸದಲ್ಲಿ ಎರಡು ಉತ್ತರಗಳಿವೆ.

ಮೊದಲನೆಯದು ರೇಷ್ಮೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಆರಂಭವಾದ ಸರ್ಕಾರಿ ನೇಯ್ಗೆ ಕಾರ್ಖಾನೆಯು 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಊರಿನ ಹೆಸರಿಗೂ ಸರಕಿನ ಗುಣಕ್ಕೂ ಇರುವ ನಂಟನ್ನು ಕಾನೂನಿನಡಿ ಕಾಯುವ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ, 2005–06ರಲ್ಲಿ ಮೈಸೂರು ರೇಷ್ಮೆಗೆ ದೊರೆತಾಗ ಅದು ಈ ನಿಗಮದ ಹೆಸರಿನಲ್ಲೇ ನೋಂದಣಿಯಾಯಿತು. ನಿಗಮವು ಪ್ರತಿ ಸೀರೆಯಲ್ಲೂ ಕಸೂತಿಯ ಸಂಕೇತ ಸಂಖ್ಯೆಯನ್ನು ಮೂಡಿಸಿ, ಹೊಲೊಗ್ರಾಮ್ ಅಂಟಿಸುವುದರಿಂದ, ಅಸಲಿ ಯಾವುದು, ನಕಲಿ ಯಾವುದು ಎಂಬುದರ ಹೊಣೆ ಒಂದೇ ಸಂಸ್ಥೆಯ ಮೇಲಿದೆ.

ಊದುಬತ್ತಿಯ ದಾರಿ ಬೇರೆ. ಮನೆಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ ಹಬ್ಬಿಕೊಂಡ ಈ ಕಸುಬಿನಲ್ಲಿ, 1948ರಲ್ಲಿ ಸ್ಥಾಪನೆಯಾದ ಎನ್. ರಂಗರಾವ್ ಅಂಡ್ ಸನ್ಸ್‌ನಂಥ ಸಂಸ್ಥೆಗಳು ತಂತಮ್ಮ ಗುರುತಿನಿಂದಲೇ ಹೆಸರು ಗಳಿಸಿದವು. ಮೈಸೂರು ಅಗರಬತ್ತಿಯ ಜಿಐ ನೋಂದಣಿಯನ್ನೂ ಪಡೆದದ್ದು ಒಂದು ಕಾರ್ಖಾನೆಯಲ್ಲ, ಅಗರಬತ್ತಿ ತಯಾರಕರ ಸಂಘ.

ಇದೇ ಎರಡು ದಾರಿಗಳು ಗಣಕಯಂತ್ರಗಳ ಲೋಕದಲ್ಲೂ ಕಾಣಿಸಿಕೊಂಡವು. 1991ರಲ್ಲಿ ಹೊರಬಂದ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶವು, ಪರಿಚಿತರು ಪರಸ್ಪರರ ಡಿಜಿಟಲ್ ಕೀಲಿಗಳಿಗೆ ಸಹಿ ಹಾಕುತ್ತ ಕಟ್ಟುವ ನಂಬಿಕೆಯ ಜಾಲಕ್ಕೆ ದಾರಿಮಾಡಿತು. 1993ರಲ್ಲಿ ಹುಟ್ಟಿದ ಡೆಬಿಯನ್ ಯೋಜನೆಯ ಸ್ವಯಂಸೇವಕರು ಹೀಗೆ ಸಹಿಯಾದ ಕೀಲಿಗಳಿಂದಲೇ ತಮ್ಮ ತಂತ್ರಾಂಶವನ್ನು ದೃಢೀಕರಿಸುತ್ತ ಬಂದರು. 2008ರಲ್ಲಿ ತೆರೆದ ಆಪಲ್‌ನ ಆಪ್ ಸ್ಟೋರ್ ಮಾತ್ರ ಪರಿಶೀಲನೆ, ಸಹಿ, ಮಾರಾಟ ಮೂರನ್ನೂ ಒಂದೇ ಕಂಪನಿಯ ಕೈಗಿತ್ತಿತು.

ಒಂದೇ ಮುದ್ರೆಯಿಂದ ಗ್ರಾಹಕನ ಹೊರೆ ಇಳಿಯುತ್ತದೆ, ಮೋಸವಾದರೆ ಯಾರನ್ನು ಕೇಳಬೇಕೆಂಬುದೂ ಸ್ಪಷ್ಟವಾಗಿರುತ್ತದೆ. ಹಲವರ ಮುದ್ರೆಗಳಿರುವಲ್ಲಿ ಹೊಸಬರಿಗೆ ಎಡೆ ಸಿಗುತ್ತದೆ, ಆದರೆ ಪರೀಕ್ಷಿಸುವ ಶ್ರಮ ಕೊಳ್ಳುವವನ ಪಾಲಿಗೆ ಬರುತ್ತದೆ. ಆದರೂ ಒಂದು ಅಂತರವನ್ನು ಮರೆಯಲಾಗದು: ನಿಗಮದ ಮುದ್ರೆಯಿಲ್ಲದೆಯೂ ನೇಕಾರನೊಬ್ಬ ಬೇರೆ ಹೆಸರಿನಲ್ಲಿ ರೇಷ್ಮೆ ಸೀರೆ ನೇಯ್ದು ಮಾರಬಲ್ಲ, ಏಕೆಂದರೆ ನಿಗಮಕ್ಕಿರುವುದು ಹೆಸರಿನ ಮೇಲಿನ ಹಕ್ಕೇ ಹೊರತು ಮಾರುಕಟ್ಟೆಯ ಮೇಲಿನದಲ್ಲ. ಫೋನಿಗೆ ಆಪ್ ಸ್ಟೋರ್ ಒಂದೇ ಬಾಗಿಲಾದಲ್ಲಿ ಮುದ್ರೆ ಒತ್ತುವ ಅಧಿಕಾರವು ಮಾರುವ ಅನುಮತಿಯೇ ಆಗಿಬಿಡುತ್ತದೆ. ಗುಣಕ್ಕೆ ಸಾಕ್ಷಿ ಹೇಳುವ ಅಧಿಕಾರವನ್ನೂ ಮಾರುಕಟ್ಟೆಯ ಬಾಗಿಲು ಕಾಯುವ ಅಧಿಕಾರವನ್ನೂ ಬೇರೆಬೇರೆಯಾಗಿ ಇಡಬೇಕೆಂಬುದೇ ಈ ಇತಿಹಾಸದ ಪಾಠ.