ಖಾನಾವಳಿ ಕೂಪನ್ನಿನ ಲೆಕ್ಕ

ಹೊಂಬಳದಂಥ ಹಳ್ಳಿಗಳಿಂದ ಗದಗಿಗೆ ಓದಲು ಬಂದ ಹುಡುಗರಿಗೆ ಹಿಂದೆ ವಾರಾನ್ನ ಅಥವಾ ಮಠದ ಪ್ರಸಾದವೇ ಆಸರೆ; ಎರಡಕ್ಕೂ ದುಡ್ಡು ಕೊಡಬೇಕಿರಲಿಲ್ಲ. 19ನೆಯ ಶತಮಾನದ ಕೊನೆಗೆ ರೈಲು ಬಂದು ಹತ್ತಿ ವ್ಯಾಪಾರ ಬೆಳೆದ ಊರಿನಲ್ಲಿ, ಮನೆ ಬಿಟ್ಟು ದುಡಿಯುವವರ ಹೊಟ್ಟೆ ತುಂಬಿಸಿದ್ದು ಖಾನಾವಳಿ: ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕಾಯಂ ಗಿರಾಕಿಗೆ ತಿಂಗಳ ಲೆಕ್ಕ, ಆಮೇಲೆ ಮುಂಗಡ ಕೊಟ್ಟು ಕೊಳ್ಳುವ ಕೂಪನ್ ಪುಸ್ತಕ.

ಪುಸ್ತಕ ಅಗ್ಗವೆಂದು ಕಂಡರೂ ಲಾಭವಾಗುವುದು ಎಷ್ಟು ಉಣ್ಣುತ್ತೇವೆ ಎಂಬುದರ ಮೇಲೆ. ಬಿಡಿ ಊಟ 70 ರೂಪಾಯಿ, ದಿನಕ್ಕೆರಡರಂತೆ ತಿಂಗಳ 60 ಊಟದ ಪುಸ್ತಕ 3,600 ಎಂದಿಟ್ಟುಕೊಂಡರೆ 52 ಊಟವಾದರೂ ಉಣ್ಣಬೇಕು. ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಮರಳುವವನಿಗೆ ವಾರಕ್ಕೆ ಮೂರು ಊಟ ತಪ್ಪುತ್ತವೆ; ನಾಲ್ಕು ವಾರಕ್ಕೆ ತಪ್ಪಿದ್ದು 12, ತಿಂಗಳಲ್ಲಿ ಉಂಡದ್ದು 48, ನಷ್ಟ 240 ರೂಪಾಯಿ. ಉಳಿದ ಚೀಟಿ ಮುಂದಿನ ತಿಂಗಳಿಗೂ ನಡೆಯುವುದಾದರೆ ಮಾತ್ರ ಲೆಕ್ಕ ತಿರುಗುತ್ತದೆ. ಜಾತ್ರೆ, ಸುಗ್ಗಿ ಇರುವ ತಿಂಗಳಲ್ಲಿ ಬಿಡಿ ಊಟವೇ ಮೇಲು.

ಮುಂಗಡ ಕೊಟ್ಟು ರಿಯಾಯಿತಿ ಪಡೆಯುವ ಇಂಥದೇ ಯೋಜನೆ, ಜೊಮ್ಯಾಟೊ ಕಂಪನಿಯ ‘ಗೋಲ್ಡ್’, 2017ರ ನವೆಂಬರಿನಲ್ಲಿ ಬೆಂಗಳೂರು ಮೊದಲಾದ ನಗರಗಳಿಗೆ ಬಂತು: ಸದಸ್ಯತ್ವಕ್ಕೆ ಹಣ, ಒಂದು ಖಾದ್ಯಕ್ಕೆ ಇನ್ನೊಂದು ಉಚಿತ. ಒಂಟಿಯಾಗಿ ಉಣ್ಣುವವನಿಗೆ ಇದರಿಂದ ಅಷ್ಟೇನೂ ಪ್ರಯೋಜನವಿರಲಿಲ್ಲ. ಖಾನಾವಳಿಯ ರಿಯಾಯಿತಿ ಕೊಡುವವನೂ ಹಣ ಪಡೆಯುವವನೂ ಒಬ್ಬನೇ ಮಾಲೀಕ. ಗೋಲ್ಡ್‌ನಲ್ಲಿ ಸದಸ್ಯತ್ವದ ಹಣ ಕಂಪನಿಗೆ, ರಿಯಾಯಿತಿಯ ಹೊರೆ ಹೋಟೆಲಿಗೆ ಹೋಗುತ್ತಿತ್ತು. 2019ರ ಆಗಸ್ಟಿನಲ್ಲಿ ನೂರಾರು ಹೋಟೆಲುಗಳು ಇಂಥ ಯೋಜನೆಗಳಿಂದ ಹೊರಬಂದವು. ಮರುವರ್ಷ ಗೋಲ್ಡ್ ಬದಲು ‘ಪ್ರೊ’ ಬಂತು.