ತೊಟ್ಟಿಮನೆಯ ಭಾರ ಹೊತ್ತವರು ಯಾರು?

ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೊರಟವರಿಗೆ ನೆಂಟರಿಷ್ಟರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಮೊದಲು ಸಾಮಾನು ಕಡಿಮೆ ಮಾಡಿ. ಅಟ್ಟ ಇಳಿಸಿ, ಬೀರು ಖಾಲಿ ಮಾಡಿ, ಬೇಡದ್ದನ್ನು ಗುಜರಿಗೆ ಹಾಕಿ, ಮನಸ್ಸು ತಾನಾಗಿ ಹಗುರಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಕನ್ನಡನಾಡಿನ ಕಳೆದ ನೂರೈವತ್ತು ವರ್ಷಗಳ ಇತಿಹಾಸ ನೋಡಿದರೆ ಇದು ಅರ್ಧ ಸತ್ಯ ಎನ್ನಿಸುತ್ತದೆ. ಈ ಅವಧಿಯಲ್ಲಿ ಅಸಂಖ್ಯ ಕುಟುಂಬಗಳು ತೊಟ್ಟಿಮನೆಯಿಂದ ವಠಾರಕ್ಕೆ, ವಠಾರದಿಂದ ಕ್ವಾರ್ಟರ್ಸಿಗೆ, ಅಲ್ಲಿಂದ ಫ್ಲಾಟಿಗೆ ಬಂದಿವೆ. ಕೆಲವರಿಗೆ ಈ ಬದಲಾವಣೆ ಒಂದೆರಡು ವರ್ಷಗಳಲ್ಲಿ ಒಗ್ಗಿಹೋಯಿತು. ಕೆಲವರಿಗೆ ಎರಡು ತಲೆಮಾರು ಕಳೆದರೂ ಒಗ್ಗಲಿಲ್ಲ. ಯಾರು ಎಷ್ಟು ಸಾಮಾನು ಬಿಟ್ಟು ಬಂದರು ಎಂಬ ಲೆಕ್ಕದಿಂದ ಈ ವ್ಯತ್ಯಾಸ ಅರ್ಥವಾಗುವುದಿಲ್ಲ. ಹಳೆಯ ಮನೆ ಮಾಡುತ್ತಿದ್ದ ಕೆಲಸಗಳನ್ನು ಹೊಸ ಊರಿನಲ್ಲಿ ಯಾರು ವಹಿಸಿಕೊಂಡರು ಎಂದು ಕೇಳಿದರೆ ಅರ್ಥವಾಗುತ್ತದೆ.

ಹಳೆಯ ಮನೆ ಅಷ್ಟು ದೊಡ್ಡದಾಗಿದ್ದುದು ಏಕೆ? ಜನ ಹೆಚ್ಚು ಇದ್ದರು ಎಂಬ ಉತ್ತರ ಸಾಲದು, ಏಕೆಂದರೆ ಮಲಗುವವರಿಗೆ ಸಿಗುತ್ತಿದ್ದುದು ಪಡಸಾಲೆಯಲ್ಲಿ ಒಂದು ಚಾಪೆಯಷ್ಟೇ ಜಾಗ. ಮನೆಯ ಬಹುಪಾಲು ಕಾಳುಕಡ್ಡಿಗೆ, ದನಕರುವಿಗೆ, ಸೌದೆಗೆ ಸೇರಿದ್ದು. ಮೈಸೂರು ಸೀಮೆಯ ಅನುಕೂಲಸ್ಥ ರೈತನ ಮನೆಯಲ್ಲಿ ಭತ್ತಕ್ಕೆ ಕಣಜ, ಬೇಳೆಕಾಳಿಗೆ ಮಣ್ಣಿನ ವಾಡೆ, ರಾಗಿಗೆ ನೆಲದೊಳಗಿನ ಹಗೇವು. ಅಟ್ಟದ ಮೇಲೆ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ. ಇದು ಬರಗಾಲ ಕಲಿಸಿದ ಬುದ್ಧಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1876-78ರ ಕ್ಷಾಮ ಕಳೆದು 1881ರಲ್ಲಿ ಮತ್ತೆ ಎಣಿಸಿದಾಗ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದನ್ನು ಕಂಡವರಿಗೆ ವರ್ಷದ ದವಸ ಮನೆಯೊಳಗೆ ಇಲ್ಲದಿದ್ದರೆ ನಿದ್ದೆ ಹತ್ತುವಂತಿರಲಿಲ್ಲ. ಅಂಥ ಮನೆಯಲ್ಲಿ ಉಗ್ರಾಣದ ಪಕ್ಕದಲ್ಲಿ ಜನರೂ ಇರುತ್ತಿದ್ದರು ಎನ್ನುವುದೇ ಸರಿ.

ಕಾಳಿನ ಜೊತೆಗೆ ಇನ್ನೂ ಹಲವು ಕೆಲಸಗಳು ಅದೇ ಸೂರಿನಡಿ ನಡೆಯುತ್ತಿದ್ದವು. ಹೆರಿಗೆ ಅಲ್ಲೇ, ಬಾಣಂತನಕ್ಕೆ ಗಾಳಿಬೆಳಕಿಲ್ಲದ ಕೋಣೆ ಅಲ್ಲೇ. ಮದುವೆ ಮನೆಯ ಮುಂದಿನ ಚಪ್ಪರದಲ್ಲಿ, ಅಡಿಗೆ ಹಿತ್ತಲಿನ ಕೋಡಿ ಒಲೆಯಲ್ಲಿ, ಬೀಗರ ಬಿಡಾರ ಅಕ್ಕಪಕ್ಕದ ಮನೆಗಳಲ್ಲಿ. ದಾರಿಹೋಕರಿಗೆ ಜಗಲಿ, ಓದುವ ಬಡ ಹುಡುಗರಿಗೆ ವಾರಾನ್ನ, ಮುದುಕರಿಗೆ ಕೊನೆಗಾಲದ ಹಾಸಿಗೆ. ಕುಟ್ಟುವುದು, ಬೀಸುವುದು, ಕಡೆಯುವುದು, ಹಪ್ಪಳ ಒಣಗಿಸುವುದು ಎಲ್ಲಕ್ಕೂ ಒಂದೊಂದು ಜಾಗ ಬೇಕಿತ್ತು. ಇಂಥ ಮನೆ ಎಲ್ಲರಿಗೂ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಭೂಮಿಯಿಲ್ಲದವರು ಒಂದಂಕಣದ ಗುಡಿಸಲಿನಲ್ಲೇ ಬದುಕಿದರು. ದೊಡ್ಡ ಮನೆಯ ಕಣಜ ತುಂಬಿದ್ದು ಅವರ ದುಡಿಮೆಯಿಂದ. ಚಿಕ್ಕ ಮನೆಗೆ ಹೋಗುವ ಸಂಕಟ ಮೊದಲಿನಿಂದಲೂ ಉಳ್ಳವರ ಮತ್ತು ಅಲ್ಪಸ್ವಲ್ಪ ಉಳ್ಳವರ ಸಂಕಟ.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಂಗಳೂರು, ಮೈಸೂರುಗಳು ಈ ಕೆಲಸಗಳನ್ನು ಒಂದೊಂದಾಗಿ ಮನೆಯಿಂದ ಕಳಚಿಕೊಂಡವು. 1896ರಲ್ಲಿ ಹೆಸರಘಟ್ಟದ ನೀರು ಬೆಂಗಳೂರಿಗೆ ಕೊಳಾಯಿಯಲ್ಲಿ ಬಂತು; ನಲ್ಲಿ ಇದ್ದ ಕಡೆ ಬಾವಿಯುಳ್ಳ ಹಿತ್ತಲು ಅನಿವಾರ್ಯವೆನಿಸಲಿಲ್ಲ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಊರಿಗೆ ಬೆಳಕು ಕೊಟ್ಟಿತು. ಮುಂದೆ ಅದೇ ವಿದ್ಯುತ್ತಿನಿಂದ ಹಿಟ್ಟಿನ ಗಿರಣಿಗಳು ತಿರುಗಿ ಬೀಸುವ ಕಲ್ಲಿಗೆ ಬಿಡುವಾಯಿತು. 1935ರಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದ ಮೇಲೆ ಹೆರಿಗೆ ಮನೆಯಿಂದಾಚೆಗೆ ನಡೆಯುವುದು ಹೆಚ್ಚಿತು. ನೆಂಟರನ್ನೂ ಯಾತ್ರಿಕರನ್ನೂ ಛತ್ರಗಳು ಇಳಿಸಿಕೊಂಡವು. ವಾರಾನ್ನದ ಹುಡುಗರನ್ನು ಮಠಗಳ, ಸಮುದಾಯಗಳ ವಿದ್ಯಾರ್ಥಿನಿಲಯಗಳು ಕರೆದುಕೊಂಡವು. ಬೀದಿಯ ತುದಿಯ ಸೌದೆ ಡಿಪೋ ಸೌದೆ ಕೊಟ್ಟಿಗೆಯ ಕೆಲಸ ಮಾಡಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ತಿಂಗಳ ಸಂಬಳ. ಗುಮಾಸ್ತನಿಗೆ, ಮೇಷ್ಟರಿಗೆ, ಗಿರಣಿ ಕೆಲಸಗಾರನಿಗೆ ಸುಗ್ಗಿ ವರ್ಷಕ್ಕೊಮ್ಮೆ ಬಾರದೆ ಪ್ರತಿ ಒಂದನೇ ತಾರೀಕು ಬಂತು. ಆದ್ದರಿಂದ ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕವೇ ಅವನ ಕಣಜವಾಯಿತು. ವರ್ಷದ ದವಸಕ್ಕೆ ಬೇಕಿದ್ದ ಜಾಗ ತಿಂಗಳ ಸಾಮಾನಿಗೆ ಬೇಕಾಗಲಿಲ್ಲ. ನಾಲ್ಕು ಡಬ್ಬ, ಒಂದು ಗೂಡು ಸಾಕಾಯಿತು.

ವಠಾರ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಮುಂಭಾಗದಲ್ಲಿ ಮಾಲೀಕರ ಮನೆ. ಪಕ್ಕದ ಓಣಿಯಲ್ಲಿ ಒಳಗೆ ಹೋದರೆ ಎದುರುಬದುರು ಸಾಲುಮನೆಗಳು, ನಡುವೆ ಕಲ್ಲುಚಪ್ಪಡಿಯ ಅಂಗಳ. ಒಂದೊಂದು ಸಂಸಾರಕ್ಕೆ ಒಂದು ಹಜಾರ, ಒಂದು ಅಡಿಗೆಮನೆ, ಮೂಲೆಯಲ್ಲಿ ಬಚ್ಚಲು. ನಲ್ಲಿ, ಒಗೆಯುವ ಕಲ್ಲು, ಬಟ್ಟೆ ಹರವುವ ತಂತಿ, ಹಿಂಬದಿಯ ಕಕ್ಕಸು ಎಲ್ಲರದ್ದು. ತೊಟ್ಟಿಮನೆಯ ನಡುವಿನ ತೊಟ್ಟಿಯೇ ಇಲ್ಲಿ ಅಂಗಳವಾಗಿ ಬಂದಿತ್ತು. ಅದರ ಸುತ್ತ ಒಂದೇ ಮನೆತನದ ಬದಲು ಹತ್ತು ಮನೆತನಗಳು ಕುಳಿತಿದ್ದವು. ಮಗು ಅಂಗಳದಲ್ಲಿ ಬೆಳೆಯಿತು, ಸಂಡಿಗೆ ಅಂಗಳದಲ್ಲಿ ಒಣಗಿತು, ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋಗುವಾಗ ಕೀಲಿಕೈ ಎದುರುಮನೆಯವರ ಕೈಗೆ ಹೋಯಿತು. ಮನೆಯ ಅಳತೆ ಎರಡು ಕೋಣೆ. ಬದುಕಿನ ಅಳತೆ ಅದಕ್ಕಿಂತ ದೊಡ್ಡದು. ಹಳ್ಳಿಯ ದೊಡ್ಡ ಮನೆಯಿಂದ ಬಂದ ಸೊಸೆ ಇಷ್ಟು ಚಿಕ್ಕ ಜಾಗದಲ್ಲಿ ಸಂಸಾರ ಹೂಡಲು ಸಾಧ್ಯವಾದದ್ದು ಬಿಟ್ಟು ಬಂದ ಕೆಲಸಗಳಿಗೆ ಆಚೆಗೆ ಒಂದೊಂದು ನೆಲೆ ಸಿಕ್ಕಿದ್ದರಿಂದ.

ವಠಾರವನ್ನು ಇಷ್ಟು ಹೊಗಳುವುದು ತಪ್ಪು ಎಂಬ ಆಕ್ಷೇಪ ಇಲ್ಲಿ ಬರಬೇಕಾದ್ದೇ. ಬೆಳಗಿನ ಜಾವ ಕಕ್ಕಸಿನ ಮುಂದೆ ಚೊಂಬು ಹಿಡಿದು ನಿಲ್ಲುವುದು, ನಲ್ಲಿಯಲ್ಲಿ ಕೊಡಕ್ಕಾಗಿ ಜಗಳ, ರಾತ್ರಿ ಇಷ್ಟು ಹೊತ್ತಿಗೆ ದೀಪ ಆರಿಸಬೇಕೆಂಬ ಮಾಲೀಕರ ಕಟ್ಟಳೆ, ಎಲ್ಲಕ್ಕೂ ಮೊದಲು ಬಾಗಿಲಲ್ಲೇ ನಿಲ್ಲಿಸಿ ಕೇಳುವ ‘ನೀವು ಯಾವ ಜನ?’ ಎಂಬ ಪ್ರಶ್ನೆ. ಇವೂ ವಠಾರದ ಇತಿಹಾಸವೇ. ಜಾತಿಯ ಕಾರಣಕ್ಕೆ ಒಳಗೆ ಬರಲಾಗದವರಿಗೆ ಅಂಗಳದ ಸೌಹಾರ್ದದಿಂದ ಏನೂ ಸಿಗಲಿಲ್ಲ. ಒಳಗಿದ್ದ ಹೆಂಗಸರಿಗೂ ಬಯಲಾಗದ ಗುಟ್ಟು ಒಂದೂ ಉಳಿಯಲಿಲ್ಲ. ಇವೆಲ್ಲ ನಿಜ, ಆದರೆ ವಾದವನ್ನು ಇವು ಮುರಿಯುವುದಿಲ್ಲ, ಗಟ್ಟಿಮಾಡುತ್ತವೆ. ವಠಾರದ ಜಗಳಗಳು ಹೆಚ್ಚಾಗಿ ಹುಟ್ಟಿದ್ದು ಎಲ್ಲಿ? ಹತ್ತು ಸಂಸಾರಕ್ಕೆ ಒಂದೇ ನಲ್ಲಿ ಇದ್ದಲ್ಲಿ, ಅಂದರೆ ಮನೆಯ ಕೆಲಸವನ್ನು ಹೊರಗೆ ವಹಿಸಿಕೊಂಡ ವ್ಯವಸ್ಥೆ ಸಾಲದಾದಲ್ಲಿ. ಮುಂದೆ ಸಾರ್ವಜನಿಕ ಉದ್ದಿಮೆಗಳು ತಮ್ಮ ನೌಕರರಿಗೆ ಕ್ವಾರ್ಟರ್ಸು ಕಟ್ಟಿಸಿದಾಗ ಕೋಣೆಗಳ ಲೆಕ್ಕ ಬಹಳ ಹೆಚ್ಚಲಿಲ್ಲ. ಆದರೆ ಮನೆಗೊಂದು ನಲ್ಲಿ, ಕಕ್ಕಸು ಬಂತು. ಜೊತೆಗೆ ಶಾಲೆ, ಆಸ್ಪತ್ರೆ, ಆಟದ ಮೈದಾನ. ಕ್ವಾರ್ಟರ್ಸಿನ ಮನೆ ಚಿಕ್ಕದು ಎಂಬ ದೂರಿಗಿಂತ ನಿವೃತ್ತಿಯಾದ ಮೇಲೆ ಅದನ್ನು ಬಿಡಬೇಕಲ್ಲ ಎಂಬ ಕೊರಗು ಹೆಚ್ಚಾಗಿ ಕೇಳಿಬಂದದ್ದು ಸಹಜವೇ.

ಇನ್ನೊಂದು ಆಕ್ಷೇಪ ಇನ್ನೂ ಮುಖ್ಯವಾದದ್ದು: ಅವಿಭಕ್ತ ಕುಟುಂಬ ಒಡೆದದ್ದರಿಂದ ಮನೆ ಚಿಕ್ಕದಾಯಿತು, ಊರಿನ ಸೌಲಭ್ಯಕ್ಕೂ ಇದಕ್ಕೂ ಏನು ಸಂಬಂಧ? ಕಾನೂನಿನ ಪಾತ್ರ ಇದ್ದದ್ದು ನಿಜ. ದಕ್ಷಿಣ ಕನ್ನಡದಲ್ಲಿ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬಗಳ ಆಸ್ತಿಪಾಲಿಗೆ ದಾರಿ ಮಾಡಿತು. 1974ರ ಭೂಸುಧಾರಣೆ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿ ಮಾಡಿದ ಮೇಲೆ ಗೇಣಿ ಅಕ್ಕಿ ದಣಿಗಳ ಮನೆಗೆ ಬರುವುದು ನಿಂತಿತು. ಆದರೆ ಎರಡನೆಯ ಸಂಗತಿಯನ್ನು ಹತ್ತಿರದಿಂದ ನೋಡಿ. ಗೇಣಿ ನಿಂತ ದಿನ ಆ ಮನೆಗಳಲ್ಲಿ ಜನ ಕಡಿಮೆಯಾಗಲಿಲ್ಲ, ಕಣಜದ ಕೆಲಸ ಕಡಿಮೆಯಾಯಿತು. ಕೆಲಸವಿಲ್ಲದ ಮನೆಯ ಹಂಚು ಕೈಯಾಡಿಸಲು ಹಣವಿಲ್ಲದೆ ಜನ ಮೆಲ್ಲಗೆ ಪೇಟೆಯ ಚಿಕ್ಕ ಮನೆಗಳಿಗೆ ಹೋದರು. ಕೆತ್ತನೆಯ ಕಂಬ, ದಾರಂದಗಳು ಹಳೆಯ ಸಾಮಾನಿನ ವ್ಯಾಪಾರಿಗಳ ಪಾಲಾದವು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಅಂಥ ಹಲವು ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸದಿದ್ದರೆ ಅವುಗಳ ಗುರುತೂ ಉಳಿಯುತ್ತಿರಲಿಲ್ಲ. ಕುಟುಂಬ ಒಡೆಯದಿದ್ದರೂ ಕೆಲಸ ಕಳೆದುಕೊಂಡ ಮನೆ ನಿಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇದರ ಇನ್ನೊಂದು ಮುಖ ಕೊಡಗಿನಲ್ಲಿದೆ. ಅಲ್ಲಿನ ಒಂದು ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ತಮ್ಮ ಮೂಲಮನೆಯಾದ ಐನ್‌ಮನೆಯಲ್ಲೇ ವಾಸವಾಗಿಲ್ಲ. ತೋಟದ ಮನೆಗೆ, ಮಡಿಕೇರಿಗೆ, ಮೈಸೂರಿಗೆ, ಬೆಂಗಳೂರಿಗೆ ಚದುರಿ ಹೋಗಿದ್ದಾರೆ. ಆದರೂ ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ, ಹಿರಿಯರನ್ನು ನೆನೆಯುವ ಕಾರ್ಯಗಳಿಗೆ ಒಕ್ಕ ಐನ್‌ಮನೆಯ ನೆಲ್ಲಕ್ಕಿ ದೀಪದ ಮುಂದೆ ಸೇರುತ್ತದೆ. ತುಳುನಾಡಿನ ತರವಾಡು ಮನೆಗಳದ್ದೂ ಇದೇ ಬಗೆ: ದೈವ ಅಲ್ಲಿ, ಸಂಸಾರ ಇನ್ನೆಲ್ಲೋ. ದೇವರು, ಹಿರಿಯರು, ಕೂಡಿ ಉಣ್ಣುವ ಪಂಕ್ತಿ ಇವಿಷ್ಟಕ್ಕೆ ಒಂದು ಮನೆ ಎಲ್ಲರ ಹೆಸರಿನಲ್ಲಿ ಉಳಿದರೆ ಪ್ರತಿಯೊಬ್ಬರ ಮನೆಯೂ ಚಿಕ್ಕದಾಗಿರಬಹುದು. ಎರಡು ಕೋಣೆಯ ಮನೆಯಲ್ಲಿ ಎಪ್ಪತ್ತು ಜನರ ಹಬ್ಬ ಮಾಡಬೇಕಾದ ಪಾಡು ಅಲ್ಲಿ ಯಾರಿಗೂ ಇಲ್ಲ.

ಹಾಗಾದರೆ ಸಾಮಾನಿನ ಮೋಹ ಸುಳ್ಳೇ? ಅಜ್ಜಿಯ ಕಾಲದ ಹಿತ್ತಾಳೆ ಕೊಳಗ ಬಿಡುವಾಗ ಆಗುವ ನೋವು ಸುಳ್ಳಲ್ಲ. ಆದರೆ ಆ ಕೊಳಗವನ್ನೇ ತಿರುಗಿಸಿ ನೋಡಿದರೆ ಕಂಠದ ಕೆಳಗೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಕಾಣುತ್ತದೆ. ಕೆಲವೊಮ್ಮೆ ಊರು, ತಾರೀಕು, ಯಾರ ಮದುವೆಗೆ ಯಾರು ಕೊಟ್ಟದ್ದು ಎಂಬ ವಿವರ ಕೂಡ. ಮನೆಯೊಳಗೇ ಇರುವ ಪಾತ್ರೆಗೆ ಹೆಸರು ಹೊಡೆಸುವ ಅಗತ್ಯವೇನಿತ್ತು? ಅದು ಬೀದಿಯ ಹತ್ತು ಮದುವೆಗಳಿಗೆ ಹೋಗಿ ಬರುತ್ತಿತ್ತು, ತಿರುಗಿ ಬರುವಾಗ ಅದಲುಬದಲಾಗಬಾರದಿತ್ತು. ದೊಡ್ಡ ಪಾತ್ರೆ ಎಂದೂ ಒಂದೇ ಮನೆಯದಾಗಿ ಬಾಳಿದ್ದಲ್ಲ. ಮುಂದೆ ಪಾತ್ರೆಯನ್ನು ಬಾಡಿಗೆಗೆ ಕೊಡುವ ಅಂಗಡಿ, ಶಾಮಿಯಾನದವರು, ಕಲ್ಯಾಣಮಂಟಪ ಆ ಕೆಲಸವನ್ನು ತೆಗೆದುಕೊಂಡಾಗಲೇ ತೂಕಕ್ಕೆ ಹಿತ್ತಾಳೆ ಕೊಟ್ಟು ಸ್ಟೀಲು ತರುವುದು ಮನೆಮನೆಯ ರೂಢಿಯಾಯಿತು. ಕೆಲಸ ಮೊದಲು ಹೋಯಿತು, ವಸ್ತು ಆಮೇಲೆ ಹೋಯಿತು. ಈ ಕ್ರಮದಲ್ಲಿ ನಡೆದಾಗ ನೋವು ಕಡಿಮೆ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಶರಾವತಿ ಕಣಿವೆ ಉದಾಹರಣೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಸಾಗರ, ಹೊಸನಗರ ಭಾಗದ ಹಳ್ಳಿಗಳ ಜನ ಮನೆ ಬಿಟ್ಟು ಹೊರಟರು. ಅವರ ಮನೆ ನಿಂತಿದ್ದುದು ಗೋಡೆಗಳ ಮೇಲಷ್ಟೇ ಅಲ್ಲ. ಸೊಪ್ಪು ಕೊಡುವ ಬೆಟ್ಟ, ಬಚ್ಚಲಿಗೆ ನೀರು ತರುವ ಅಬ್ಬಿ, ದನ ಮೇಯುವ ಬ್ಯಾಣ, ಹಳ್ಳ ದಾಟಿದರೆ ಸಿಗುವ ನೆಂಟರು ಇವೆಲ್ಲವೂ ಆ ಮನೆಯ ಭಾಗವೇ. ಪರಿಹಾರದ ಲೆಕ್ಕದಲ್ಲಿ ಎಕರೆ ಇತ್ತು, ಇವು ಯಾವುವೂ ಇರಲಿಲ್ಲ. ಹೊಸ ಜಾಗದಲ್ಲಿ ಈ ಕೆಲಸಗಳನ್ನು ವಹಿಸಿಕೊಳ್ಳುವವರು ಯಾರೂ ಇರಲಿಲ್ಲ, ಅನೇಕರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ವಿವಾದ ಆರು ದಶಕ ಕಳೆದರೂ ಬಗೆಹರಿಯಲಿಲ್ಲ. ನಾ. ಡಿಸೋಜ ಅವರ ಕಾದಂಬರಿಗಳು ಈ ಮುಳುಗಡೆಯನ್ನು ಮತ್ತೆ ಮತ್ತೆ ಎತ್ತಿಕೊಂಡದ್ದು ಏಕೆಂದು ಇದರಿಂದ ತಿಳಿಯುತ್ತದೆ. ಸಾಮಾನು ಬಿಡುವುದರಲ್ಲಿ ಮುಳುಗಡೆಯ ಆ ಜನರಷ್ಟು ಬಿಟ್ಟವರಿಲ್ಲ. ಆದರೂ ಯಾರ ಮನಸ್ಸೂ ಹಗುರಾಗಲಿಲ್ಲ.

ಇಂದು ಮಕ್ಕಳು ದೂರದೇಶಕ್ಕೆ ಹೋದ ಮೇಲೆ ಸೈಟಿನ ಮನೆ ಮಾರಿ ಎರಡು ಕೋಣೆಯ ಫ್ಲಾಟಿಗೆ ಹೋಗುವ ಹಿರಿಯರಿಗೆ ಈ ಇತಿಹಾಸ ಒಂದು ಲೆಕ್ಕ ಹೇಳಿಕೊಡುತ್ತದೆ. ನೀರು, ಬೆಳಕು, ಹೆರಿಗೆ, ಮದುವೆ ಎಲ್ಲಕ್ಕೂ ಊರಿನಲ್ಲಿ ನೆಲೆ ಸಿಕ್ಕಿದೆ. ಸಿಗದೆ ಉಳಿದದ್ದು ಕೆಲವೇ: ಹೊತ್ತು ಕಳೆಯಲು ಜಗಲಿ, ಕಾಯಿಲೆಯಲ್ಲಿ ಕೈಗೆ ಸಿಗುವ ಪಕ್ಕದ ಮನೆ, ನೆಂಟರು ಬಂದರೆ ಉಳಿಸಿಕೊಳ್ಳುವ ಅವಕಾಶ, ಕೊನೆಗಾಲದ ಆರೈಕೆ. ಅಪಾರ್ಟ್‌ಮೆಂಟಿನ ಕರಪತ್ರ ಈಜುಕೊಳದ ಬಗ್ಗೆ ಹೇಳುತ್ತದೆ, ಇವುಗಳ ಬಗ್ಗೆ ಹೇಳುವುದಿಲ್ಲ. ಹಾಗಾಗಿ ಮನೆ ಬದಲಿಸುವ ಮುನ್ನ ಬರೆಯಬೇಕಾದ ಪಟ್ಟಿ ಸಾಮಾನಿನದಲ್ಲ, ಕೆಲಸಗಳದ್ದು. ಈಗಿನ ಮನೆ ನಿಮಗೆ ಏನೇನು ಮಾಡಿಕೊಡುತ್ತಿದೆ, ಅಲ್ಲಿ ಅದನ್ನು ಯಾರು ಮಾಡುತ್ತಾರೆ ಎಂದು ಒಂದೊಂದಕ್ಕೂ ಎದುರು ಬರೆಯಿರಿ. ಉತ್ತರ ಸಿಕ್ಕ ಕೆಲಸದ ಸಾಮಾನನ್ನು ನಿಶ್ಚಿಂತೆಯಿಂದ ಬಿಡಿ. ಉತ್ತರ ಸಿಗದ ಸಾಲುಗಳೇ ಹೆಚ್ಚಾಗಿದ್ದರೆ ಮನೆ ಎಷ್ಟೇ ಚೆನ್ನಾಗಿರಲಿ, ಮುಂಗಡ ಕೊಡಬೇಡಿ.