ಮಧ್ಯಾಹ್ನದ ಅರ್ಧ ಗಂಟೆ

ಸೂರ್ಯನು ನೆತ್ತಿಗೇರಿದಾಗ ಎತ್ತಿನ ಕೊರಳಿನಿಂದ ನೊಗವಿಳಿಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದು ನಮ್ಮ ಒಕ್ಕಲಿಗನ ಪುರಾತನ ರೂಢಿ. ಎತ್ತಿಗೂ ಹಸಿವೆಯುಂಟು, ಆಳಿಗೂ ಹಸಿವೆಯುಂಟು. ಉಗಿಯಂತ್ರಕ್ಕಾದರೋ ಹಸಿವೆಯೂ ಇಲ್ಲ, ದಣಿವೂ ಇಲ್ಲ. ಅದರೊಡನೆ ದುಡಿಯತೊಡಗಿದ ಮನುಷ್ಯನು ತನ್ನ ಊಟದ ಹೊತ್ತನ್ನು ಕಾಯಿದೆಯ ಮೂಲಕ ಪಡೆಯಬೇಕಾಯಿತು.

ಮುಂಬಯಿಯಲ್ಲಿ ಹತ್ತಿಯ ಗಿರಣಿಗಳು 1850ರ ದಶಕದಲ್ಲಿ ಹುಟ್ಟಿದವು. ನಮ್ಮ ಸೊಲ್ಲಾಪುರದ ಮೊದಲ ಗಿರಣಿ 1877ರಲ್ಲಿ ನಡೆಯತೊಡಗಿತು. ಕನ್ನಡ, ಮರಾಠಿ, ತೆಲುಗು ನುಡಿಯ ಮನೆತನಗಳು ಇಲ್ಲಿಯ ಗಿರಣಿಗಳನ್ನು ನಂಬಿ ಬಾಳಿದವು. ವಿದ್ಯುದ್ದೀಪ ಬರುವ ಮುನ್ನ ಗಿರಣಿಯ ಕೆಲಸವು ಬೆಳಗಿನ ಬೆಳಕಿನಿಂದ ಸಂಜೆಯ ಬೆಳಕಿನವರೆಗೆ ಸಾಗುತ್ತಿತ್ತು; ಬೇಸಗೆಯಲ್ಲಿ ಹಗಲು ಬೆಳೆದಂತೆ ದುಡಿಮೆಯೂ ಬೆಳೆಯುತ್ತಿತ್ತು. ಅನೇಕ ಕೆಲಸಗಾರರು ತಮ್ಮ ಯಂತ್ರವನ್ನು ನೆರೆಯವನಿಗೆ ಒಪ್ಪಿಸಿ, ಅವಸರದಲ್ಲಿ ನಾಲ್ಕು ತುತ್ತು ನುಂಗಿ ಮರಳುತ್ತಿದ್ದರು. ಒಬ್ಬನ ಊಟವೆಂದರೆ ಇನ್ನೊಬ್ಬನಿಗೆ ಇಮ್ಮಡಿ ಕೆಲಸ.

1881ರಲ್ಲಿ ಭಾರತದ ಮೊದಲ ಕಾರಖಾನೆ ಕಾಯಿದೆ ಬಂದಿತು. ಅದು ಏಳರಿಂದ ಹನ್ನೆರಡರೊಳಗಿನ ಮಕ್ಕಳ ದುಡಿಮೆಯನ್ನು ದಿನಕ್ಕೆ 9 ಗಂಟೆಗಳಿಗೆ ಮಿತಗೊಳಿಸಿ, ಅವರಿಗೆ ಒಂದು ಗಂಟೆಯ ವಿರಾಮವನ್ನು ವಿಧಿಸಿತು. ದೊಡ್ಡವರ ವಿಷಯದಲ್ಲಿ ಮಾತ್ರ ಅದು ಮೌನ ತಾಳಿತು.

ಆ ಮೌನವನ್ನು ಮುರಿಯಲು ಹೊರಟವರು ‘ದೀನಬಂಧು’ ಪತ್ರಿಕೆಯ ಸಂಪಾದಕರಾದ ನಾರಾಯಣ ಮೇಘಾಜಿ ಲೋಖಂಡೆಯವರು. 1884ರಲ್ಲಿ ಅವರು ಮುಂಬಯಿಯ ಕೆಲಸಗಾರರ ಸಭೆಗಳನ್ನು ಕೂಡಿಸಿ, ಸುಮಾರು 5,500 ಜನರ ಸಹಿಯುಳ್ಳ ಬಿನ್ನವತ್ತಳೆಯನ್ನು ಸಿದ್ಧಪಡಿಸಿದರು. ವಾರಕ್ಕೊಂದು ರಜೆ, ಸಕಾಲಕ್ಕೆ ಸಂಬಳ ಎಂಬ ಬೇಡಿಕೆಗಳ ಜೊತೆಯಲ್ಲಿ ನಡುಹಗಲಿಗೆ ಅರ್ಧ ಗಂಟೆಯ ಬಿಡುವೂ ಅದರಲ್ಲಿತ್ತು.

ಏಳು ವರುಷ ಕಳೆದು 1891ರ ಕಾಯಿದೆಯು ಅದನ್ನು ಮನ್ನಿಸಿತು. ಹನ್ನೆರಡರಿಂದ ಎರಡು ಗಂಟೆಯೊಳಗೆ ಪೂರ್ತಿ ಅರ್ಧ ಗಂಟೆ ಕೆಲಸವು ನಿಲ್ಲತಕ್ಕದ್ದೆಂದು ವಿಧಿಸಿತು; ಸರದಿಯ ಪಾಳಿಗಳುಳ್ಳ ಕಾರಖಾನೆಗಳಿಗೆ ಮಾತ್ರ ವಿನಾಯಿತಿಯಿತ್ತು. ಇದರ ಹಿಂದೆ ಕೇವಲ ದಯೆಯೇ ಇತ್ತೆಂದು ನಾವು ಭಾವಿಸಲಾಗದು. ಭಾರತದ ಗಿರಣಿಗಳ ಪೈಪೋಟಿಗೆ ಅಂಜಿದ ಲ್ಯಾಂಕಾಶೈರಿನ ಮಾಲಿಕರೂ ಇಂಥ ಕಾಯಿದೆಗಾಗಿ ಒತ್ತಾಯಿಸುತ್ತಿದ್ದರು. ಸ್ವಾರ್ಥ, ಕರುಣೆ, ಕೂಲಿಕಾರರ ಹೋರಾಟ—ಮೂರೂ ಕೂಡಿ ಹೆತ್ತ ಕೂಸು ಅದು.

‘ಕೆಲಸವು ನಿಲ್ಲತಕ್ಕದ್ದು’ ಎಂಬುದೇ ಇಲ್ಲಿಯ ತಿರುಳು. ಉಣ್ಣಲು ಅಪ್ಪಣೆ ಕೊಡುವುದು ಬೇರೆ, ಯಂತ್ರವನ್ನೇ ನಿಲ್ಲಿಸುವುದು ಬೇರೆ. ಯಂತ್ರ ತಿರುಗುತ್ತಿರುವವರೆಗೆ ಉಣ್ಣುವವನ ಕೈ ತಟ್ಟೆಯಲ್ಲಿದ್ದರೂ ಕಿವಿ ಅದರ ಸದ್ದಿನಲ್ಲಿರುತ್ತದೆ. ಯಂತ್ರ ನಿಂತಾಗಲೇ ಅವನು ಪಕ್ಕದವನೊಡನೆ ರೊಟ್ಟಿ ಹಂಚಿಕೊಂಡು ಸುಖದುಃಖ ಮಾತನಾಡಬಲ್ಲನು. ಸ್ವತಂತ್ರ ಭಾರತದ 1948ರ ಕಾಯಿದೆಯು ಐದು ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸಕೂಡದೆಂದು ವಿಧಿಸಿ, ಕನಿಷ್ಠ ಅರ್ಧ ಗಂಟೆಯ ವಿರಾಮವನ್ನು ಕಡ್ಡಾಯಗೊಳಿಸಿತು.

ಸೊಲ್ಲಾಪುರದ ಆ ಮೊದಲ ಗಿರಣಿಯ ಭೋಂಗಾ ಈಗ ಕೂಗುವುದಿಲ್ಲ. ನಮ್ಮ ಶಾಲೆಗಳಲ್ಲಿ ಊಟದ ಗಂಟೆ ಮಾತ್ರ ದಿನವೂ ಬಾರಿಸುತ್ತದೆ. ಕಾಯಿದೆಯು ಈ ನಾಡಿನಲ್ಲಿ ಮೊಟ್ಟಮೊದಲು ವಿರಾಮ ಕೊಟ್ಟದ್ದು ಗಿರಣಿಯಲ್ಲಿ ದುಡಿಯುತ್ತಿದ್ದ ಏಳು ವರುಷದ ಕೂಸಿಗೆ ಎಂಬುದನ್ನು, ಅದೇ ವಯಸ್ಸಿನ ಎರಡನೆಯ ಇಯತ್ತೆಯ ಮಕ್ಕಳಿಗೆ ಶಿಕ್ಷಕ ಬಂಧುಗಳು ಒಮ್ಮೆ ಹೇಳಬೇಕು.